ಒಂದು ದಿನ ಮೊದಲು

“ಇಷ್ಟು ಚಿಕ್ಕದಾ?” ಎಂದಳು ಮಗಳು. ತಟ್ಟೆಯಲ್ಲಿದ್ದ ಸೇಬಿನ ಚೂರೊಂದನ್ನು ಎರಡು ಬೆರಳಲ್ಲಿ ಎತ್ತಿ ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು. “ಅಮ್ಮಾ, ನಂಗೆ ಹಲ್ಲಿದೆ.”

“ಇದೆ ಕಂದ, ಗೊತ್ತು. ಸುಮ್ನೆ ತಿನ್ನು. ಮಾತಾಡ್ತಾ ತಿನ್ಬೇಡ.”

ಟೈಲರಮ್ಮನ ಚಾಕು ಇನ್ನೂ ನಿಂತಿರಲಿಲ್ಲ. ಸೇಬನ್ನು ಮೊದಲು ನಾಲ್ಕು ಮಾಡಿದ್ದಳು, ಆಮೇಲೆ ಎಂಟು. ಎಂಟೂ ದೊಡ್ಡದೆನಿಸಿ, ಸಿಪ್ಪೆ ಹೆರೆದು, ಹಲ್ಲು ಬಾರದ ಕೂಸಿಗೆ ತಿನ್ನಿಸುವಷ್ಟು ಸಣ್ಣ ಮಾಡುತ್ತಿದ್ದಳು. ಇಪ್ಪತ್ತೇಳು ವರ್ಷದ ಮಗಳಿಗೆ! ಗಂಟಲಿಗೆ ಸಿಕ್ಕಿಕೊಳ್ಳುವಂಥದ್ದು ಮನೆಯಲ್ಲಿ ಏನೇನಿದೆ ಎಂದು ಬೆಳಗಿನ ಐದಕ್ಕೇ ಎದ್ದು ಹುಡುಕಿದ್ದಳು. ಹೊಲಿಗೆಯವರ ಮನೆ ಎಂದ ಮೇಲೆ ಕೇಳಬೇಕೇ? ಗುಂಡಿ, ಹುಕ್ಕು, ಸೂಜಿ, ಗುಂಡುಪಿನ್ನು, ಎಲ್ಲವನ್ನೂ ಒಂದು ಚೀಲಕ್ಕೆ ಸುರಿದು ಬೀರುವಿನ ಮೇಲೆ ಎಸೆದಾಗಿತ್ತು. ಇಸ್ತ್ರಿಪೆಟ್ಟಿಗೆಯ ವೈರು ಕಿತ್ತಾಗಿತ್ತು. ಸ್ಟೌವ್ ಹಚ್ಚಿರಲೇ ಇಲ್ಲ, ಇಬ್ಬರಿಗೂ ತಣ್ಣನೆಯ ಹಾಲೇ ಗತಿ.

ಇವತ್ತೊಂದು ದಿನ ದಾಟಿಬಿಟ್ಟರೆ ಸಾಕಿತ್ತು.

ನಾಳೆ, ಶುಕ್ರವಾರ ಬೆಳಗ್ಗೆ ಎಂಟಕ್ಕೆ, ಆಸ್ಪತ್ರೆಯಲ್ಲಿ ಟೈಲರಮ್ಮನ ಹೊಟ್ಟೆಯ ಗಡ್ಡೆ ತೆಗೆಯುವವರಿದ್ದರು. ಡಾಕ್ಟರು ಒಳ್ಳೆಯ ಮನುಷ್ಯ, ಪಕ್ಕದಲ್ಲಿ ಕೂತು ಸಮಾಧಾನದಿಂದ ಹೇಳಿದ್ದರು. “ನೂರಕ್ಕೆ ತೊಂಬತ್ತು ಜನ ನಾಲ್ಕೇ ದಿನಕ್ಕೆ ನಡ್ಕೊಂಡು ಮನೆಗೆ ಹೋಗ್ತಾರಮ್ಮ.” ಆ ತೊಂಬತ್ತು ಜನ ಅವಳ ಕಿವಿಗೆ ಬೀಳಲೇ ಇಲ್ಲ. ಉಳಿದ ಹತ್ತು ಜನ ಮಾತ್ರ ಸೋಮವಾರದಿಂದ ಅವಳ ಬೆನ್ನು ಬಿಟ್ಟಿರಲಿಲ್ಲ. ಹಾಗಂತ ಸಾವಿಗೆ ಹೆದರುವ ಹೆಂಗಸೇನಲ್ಲ ಅವಳು. ಗಂಡ ತೀರಿಕೊಂಡ ಹದಿಮೂರನೇ ದಿನವೇ ಮಿಷನ್ನಿನ ಮುಂದೆ ಕೂತು ಯಾರದೋ ಮದುವೆಯ ಕೋಟು ಹೊಲಿದವಳು. ಅವಳ ಹೆದರಿಕೆ ಬೇರೆಯದು. ಅದನ್ನು ಸಂಜೆಯ ಬಸ್ಸಿಗೆ ಬರಲಿದ್ದ ತಮ್ಮನ ಹತ್ತಿರವೂ ಬಾಯಿಬಿಟ್ಟು ಹೇಳುವ ಹಾಗಿರಲಿಲ್ಲ.

ಅವಳು ಮತ್ತು ಮಗಳು ಹೋಗುತ್ತಿದ್ದ ಪ್ರಾರ್ಥನೆ ಮನೆಯಲ್ಲಿ ಒಂದು ಪದ್ಧತಿಯಿತ್ತು. ಮನೆ ಎಂದರೆ ಮನೆಯೂ ಅಲ್ಲ, ಹಳೆಯ ಮುದ್ರಣದ ಪ್ರೆಸ್ಸೊಂದರ ಮೇಲಿನ ದೊಡ್ಡ ಕೋಣೆ, ಮೂವತ್ತು ಕುರ್ಚಿ, ಒಂದು ಮರದ ಪೆಟ್ಟಿಗೆ. ಭಾನುವಾರ ಬಂದವರು ತಮ್ಮ ಕೋರಿಕೆಯನ್ನು ಶಾಯಿಯಲ್ಲಿ ಬರೆದು, ಹೆಸರು ಹಾಕದೆ, ಮಡಿಸಿ ಆ ಪೆಟ್ಟಿಗೆಗೆ ಹಾಕುತ್ತಿದ್ದರು. ಗುರುವಾರ ಬೀಗ ತೆಗೆದು, ಚೀಟಿಗಳನ್ನೆಲ್ಲ ಒಂದು ಬೋಗುಣಿ ನೀರಿಗೆ ಹಾಕಿ, ಶಾಯಿ ಬಿಟ್ಟು ಕಾಗದ ಹಿಟ್ಟಾಗುವ ತನಕ ಕೈಯಲ್ಲಿ ಕಿವುಚಬೇಕು. ಅಲ್ಲಿಗೆ ಕೋರಿಕೆ ದೇವರಿಗೆ ಮುಟ್ಟಿತು. ಅದನ್ನು ಅವನೊಬ್ಬನೇ ಓದಬೇಕು, ಬೇರೆ ಒಂದು ನರಪಿಳ್ಳೆಯೂ ಓದಕೂಡದು. ಹಿಂದೆ ಈ ಕೆಲಸ ಮಾಡುತ್ತಿದ್ದವನೊಬ್ಬ ಕದ್ದು ಓದಿ, ಊರೆಲ್ಲ ಆಡಿಕೊಂಡು ನಕ್ಕು, ದೊಡ್ಡ ರಂಪವೇ ಆಗಿತ್ತು. ಆಗ ಹಿರಿಯರು ಹುಡುಕಿ ಹುಡುಕಿ ಕೀಲಿಯನ್ನು ಟೈಲರಮ್ಮನ ಮಗಳ ಕೈಗೆ ಕೊಟ್ಟರು. ಡೌನ್ ಸಿಂಡ್ರೋಮ್ ಇರುವ ಹುಡುಗಿ, ಶ್ರದ್ಧೆಯವಳು, ಎಲ್ಲಕ್ಕಿಂತ ಮೇಲಾಗಿ ಓದು ಬಾರದವಳು. ಇನ್ನೇನು ಬೇಕು? ಜನ ನಿಶ್ಚಿಂತೆಯಿಂದ ಬರೆಯತೊಡಗಿದರು. ಕೀಲಿಯನ್ನು ಕೊರಳಿಗೆ ಹಾಕಿಕೊಂಡು ಅವಳು ಕುರ್ಚಿಗಳ ನಡುವೆ ಓಡಾಡುವ ಗತ್ತು ನೋಡಿ ಬೀದಿಯವರೆಲ್ಲ ಅವಳನ್ನು ಮೇಡಂ ಎಂದೇ ಕರೆಯುತ್ತಿದ್ದರು.

ಅದೇ ವರ್ಷ ಟೈಲರಮ್ಮನಿಗೆ ಕೆಟ್ಟ ಜ್ವರ ಬಂದು ಒಂದು ಇಡೀ ಹಗಲು ಮೈಮೇಲೆ ಎಚ್ಚರವಿರಲಿಲ್ಲ. ಕಣ್ಣು ಬಿಟ್ಟಾಗ ಮಗಳು ಮಂಚದ ಪಕ್ಕದ ಸ್ಟೂಲಿನ ಮೇಲೆ, ಬೆಳಗ್ಗೆ ಕೂತಿದ್ದ ಹಾಗೆಯೇ ಕೂತಿದ್ದಳು. ತಿಂದಿರಲಿಲ್ಲ, ನೀರು ಕುಡಿದಿರಲಿಲ್ಲ, ಕೂತಲ್ಲೇ ಬಟ್ಟೆ ಒದ್ದೆಯಾಗಿತ್ತು. “ನೀನು ಏಳು ಅನ್ಲಿಲ್ಲ” ಎಂದಿದ್ದಳು, ಅಷ್ಟೇ. ಮುಂದಿನ ಭಾನುವಾರ ಟೈಲರಮ್ಮ ಬಟ್ಟೆಯ ಅಳತೆ ಕತ್ತರಿಸುವ ಕಂದು ಕಾಗದದ ಚೂರೊಂದರ ಮೇಲೆ ಬರೆದಳು: ‘ದೇವರೇ, ನನಗಿಂತ ಒಂದು ದಿನ ಮೊದಲು ನನ್ನ ಮಗಳನ್ನು ಕರೆದುಕೋ. ಒಂದೇ ದಿನ ಸಾಕು.’ ಹೆತ್ತವಳು ಹೀಗೂ ಬೇಡುತ್ತಾಳೆಯೇ ಎಂದು ಮೂಗಿನ ಮೇಲೆ ಬೆರಳಿಡುವವರು ಇಡಲಿ. ಆ ಒದ್ದೆ ಬಟ್ಟೆ ಬಿಡಿಸಿ, ಆ ಮೈ ಒರೆಸಿದವಳು ಅವಳು. ಅಂದಿನಿಂದ ಒಂದು ವಾರವೂ ತಪ್ಪಿಸಲಿಲ್ಲ. ಅಳತೆ ಪುಸ್ತಕದಲ್ಲಿ ಸೊಂಟ, ತೋಳು ಬರೆದಷ್ಟೇ ಸಲೀಸಾಗಿ ಅದೇ ಎರಡು ಸಾಲನ್ನು ಎಂಟು ವರ್ಷ ಬರೆದಳು.

ಸೋಮವಾರ ಆಸ್ಪತ್ರೆಯ ಓಣಿಯಲ್ಲಿ ನಿಂತು ಆಪರೇಷನ್ನಿನ ತಾರೀಕು ನೋಡಿದಾಗ ಅವಳು ಬೆರಳಲ್ಲಿ ದಿನ ಎಣಿಸಿದಳು. ಶುಕ್ರವಾರ ತನ್ನ ದಿನವಾದರೆ, ದೇವರು ಮಾತು ಉಳಿಸಿಕೊಳ್ಳುವವನೇ ಆದರೆ, ಗುರುವಾರ ಯಾರದು? ಇಷ್ಟು ವರ್ಷ ಗೋಗರೆದು ಬೇಡಿ, ಅವನು ಕೊಡಲು ಬಂದಾಗ ಬೇಡ ಎನ್ನುವುದು ಯಾವ ಬಾಯಲ್ಲಿ? ಸಾಲದ್ದಕ್ಕೆ ಈ ಭಾನುವಾರದ ಚೀಟಿ ಇನ್ನೂ ಪೆಟ್ಟಿಗೆಯಲ್ಲೇ ಇತ್ತು. ಇವತ್ತು ಅದು ನೀರಿಗೆ ಬೀಳುವುದು, ಅದೂ ಮಗಳ ಕೈಯಿಂದಲೇ.

“ಇವತ್ತು ಪ್ರಾರ್ಥನೆ ಮನೆಗೆ ಹೋಗೋದು ಬೇಡ ಪುಟ್ಟಾ” ಎಂದಳು, ಚಾಕು ಕೆಳಗಿಟ್ಟು, ದನಿಯನ್ನು ಆದಷ್ಟು ಹಗುರ ಮಾಡಿಕೊಂಡು.

“ಗುರುವಾರ” ಎಂದಳು ಮಗಳು.

“ಹೌದು, ಗುರುವಾರ. ಒಂದು ವಾರ ಬಿಟ್ರೆ ಏನು ಗಂಟು ಹೋಗುತ್ತೆ?”

“ಎಲ್ಲರೂ ಕೇಳಿದಾರೆ. ದೇವ್ರು ಕಾಯ್ತಾ ಇರ್ತಾನೆ.”

“ಹಾಗಾದ್ರೆ ಕೀಲಿ ನಂಗೆ ಕೊಡು. ನಾನು ಹೋಗಿ ಮಾಡ್ತೀನಿ. ನೀನು ಬಾಗಿಲು ಹಾಕ್ಕೊಂಡು ಮಲಕ್ಕೋ.”

ಮಗಳು ಕೊರಳಿನ ಕೀಲಿಯನ್ನು ರವಿಕೆಯೊಳಕ್ಕೆ ಇಳಿಬಿಟ್ಟು ಅದರ ಮೇಲೆ ಅಂಗೈ ಒತ್ತಿದಳು. “ಯಾರಿಗೂ ಕೊಡಲ್ಲ. ಅಮ್ಮಂಗೂ ಕೊಡಲ್ಲ.”

ಬಯ್ದರೂ ಆಗಲಿಲ್ಲ, ರಮಿಸಿದರೂ ಆಗಲಿಲ್ಲ. ಅವಳು ಒಮ್ಮೆ ಪಟ್ಟು ಹಿಡಿದರೆ ಮುಗಿಯಿತು, ಯಾರ ಬೇಳೆಯೂ ಬೇಯುತ್ತಿರಲಿಲ್ಲ. ಬಾಗಿಲು ಜಡಿದು ಹೋಗೋಣವೆಂದರೆ, ಒಬ್ಬಳೇ ಒಳಗೆ ಏನಾದರೂ ಮಾಡಿಕೊಂಡರೆ? ಜೊತೆಗೆ ಕರೆದುಕೊಂಡು ಹೋಗೋಣವೆಂದರೆ, ದಾರಿ? ಅತ್ತ ದರಿ ಇತ್ತ ಪುಲಿ ಎನ್ನುವಂತಾಗಿ ಟೈಲರಮ್ಮ ಕಣ್ಣು ಮುಚ್ಚಿ ನಿಂತಳು. ಚೀಟಿ ನೀರಿಗೆ ಬೀಳುವ ಮೊದಲು ತೆಗೆಯಲೇಬೇಕಿತ್ತು. ಬೀಗ ತೆಗೆಯುವವಳು ಮಗಳೊಬ್ಬಳೇ. ಚಪ್ಪಲಿ ಮೆಟ್ಟಿಕೊಂಡಳು.

ಬರೀ ಕಾಲು ಗಂಟೆಯ ದಾರಿ. ಮಗಳು ಪ್ರತಿ ಗುರುವಾರ ಒಬ್ಬಳೇ ಹೋಗಿ ಬರುವ ದಾರಿ. ಇವತ್ತು ಅದರಲ್ಲಿ ಯಮ ಎಲ್ಲೆಲ್ಲಿ ಕೂತಿದ್ದಾನೆಂದು ಟೈಲರಮ್ಮನಿಗೆ ಒಂದೊಂದಾಗಿ ಕಂಡಿತು. ಮೂರನೇ ಮಹಡಿಗೆ ಬಣ್ಣ ಹೊಡೆಯುತ್ತಿದ್ದವರ ಏಣಿ. ಜೋತುಬಿದ್ದ ತಂತಿ. ಮುಚ್ಚಳವಿಲ್ಲದ ಮೋರಿ. ನಾಲಗೆ ಚಾಚಿ ಮಲಗಿದ್ದ, ಎಂಟು ವರ್ಷದಿಂದ ಯಾರನ್ನೂ ಕಚ್ಚದ ಬೀದಿನಾಯಿ. ಮಗಳ ಮುಂಗೈಯನ್ನು ಅವಳು ಎಷ್ಟು ಬಿಗಿಯಾಗಿ ಹಿಡಿದಿದ್ದಳೆಂದರೆ ತನ್ನ ಬೆರಳಿನ ಗೆಣ್ಣುಗಳೇ ನೋಯುತ್ತಿದ್ದವು. ಹೊಟ್ಟೆಯ ನೋವು ಬೇರೆ. ‘ಸ್ವಾಮೀ, ತಪ್ಪಾಯಿತು, ತಪ್ಪಾಯಿತು’ ಎಂದು ಹೆಜ್ಜೆಗೊಮ್ಮೆ ಅನ್ನುತ್ತಿದ್ದಳು.

ಅಂಗಡಿ ಸಾಲಿನ ತಿರುವಿನಲ್ಲಿ ಗ್ಯಾಸ್ ಸಿಲಿಂಡರಿನ ಲಾರಿಯೊಂದು ಹಿಂದಕ್ಕೆ ಬರುತ್ತಿತ್ತು. ಸುಮಾರು ದೂರದಲ್ಲೇ ಇತ್ತು, ಮೆಲ್ಲಗೇ ಬರುತ್ತಿತ್ತು. ಆದರೂ ಟೈಲರಮ್ಮ “ಅಯ್ಯೋ!” ಎಂದು ಚೀರಿ ಮಗಳನ್ನು ಬಲವಾಗಿ ಎಳೆದಳು. ಮಗಳ ಕಾಲು ತೊಡರಿತು. ಫುಟ್‌ಪಾತಿನಿಂದ ಜಾರಿ ರಸ್ತೆಗೆ ಮುಗ್ಗರಿಸಿದಳು. ಹಿಂದಿನಿಂದ ಬಂದ ಮೋಟಾರ್ ಬೈಕಿನವನು ಕಿರ್ರೆಂದು ಬ್ರೇಕು ಒತ್ತಿದ. ಮುಂದಿನ ಚಕ್ರ ಅವಳ ಮೊಣಕಾಲಿಗೆ ಒಂದು ಗೇಣಿನಷ್ಟು ದೂರದಲ್ಲಿ ನಿಂತಿತು.

“ಏನಮ್ಮ ನೀವು! ತಳ್ಳೋದಾ ಹುಡುಗೀನ?” ಎಂದು ಅವನು ಬಾಯಿಗೆ ಬಂದಂತೆ ಬೈದು ಹೊರಟುಹೋದ.

ಮಗಳು ತಾನೇ ಎದ್ದು, ಅಂಗೈಯ ಮಣ್ಣನ್ನು ಬಟ್ಟೆಗೆ ಒರೆಸಿಕೊಂಡು, ತಾಯಿಯ ಮುಖವನ್ನೇ ನೋಡಿದಳು.

“ಎಳೀಬೇಡ. ಲಾರಿ ಬೀಳ್ಸಲ್ಲ. ನೀನು ಬೀಳ್ಸ್ತೀಯ.”

“ಆಯ್ತು ತಾಯಿ. ಎಳೆಯಲ್ಲ.”

“ಪಕ್ಕದಲ್ಲಿ ಬಾ.”

ಪಕ್ಕದಲ್ಲೇ ಹೋದಳು. ಈ ಕೈಯೇ ಎಂಟು ವರ್ಷ ಬರೆದದ್ದು, ಈ ಕೈಯೇ ಈಗ ದೂಡಿತು ಎಂಬ ಯೋಚನೆ ಬಂತು. ತನ್ನ ಕೋರಿಕೆ ನಡೆಸಿಕೊಡಲು ದೇವರಿಗೆ ಲಾರಿ ಬೇಕಿಲ್ಲವೆಂದು ಆಗ ಹೊಳೆದು, ಆ ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡೇ ನಡೆದಳು.

ಪ್ರೆಸ್ಸಿನ ಬಾಗಿಲಲ್ಲಿ ಮುದ್ರಣದವನು ಎಣ್ಣೆಬಟ್ಟೆಯಲ್ಲಿ ಕೈ ಒರೆಸಿಕೊಳ್ಳುತ್ತಿದ್ದ. “ಏನು ಮೇಡಂ, ಇವತ್ತು ಬಂದೋಬಸ್ತು ಜೋರಾಗಿದೆ? ಅಕ್ಕಾವ್ರೂ ಬಂದಿದಾರೆ!” ಎಂದವನು ಟೈಲರಮ್ಮನ ಮುಖ ನೋಡಿ ನಗು ನಿಲ್ಲಿಸಿದ. “ನಾಳೆ ಅಲ್ವೇನಕ್ಕಾ? ಧೈರ್ಯವಾಗಿರಿ.” ಮಗಳ ಕೈಗೆ ಮರದ ಒಂದು ಅಚ್ಚು ಇಟ್ಟ, ಹಳೆಯ ಪೋಸ್ಟರಿನ ಅಕ್ಷರ, ಸೋಪಿನಷ್ಟು ದೊಡ್ಡದು. ಪ್ರತಿ ಗುರುವಾರ ಅವನು ಹಾಗೊಂದು ಕೊಡುತ್ತಿದ್ದ, ಅವಳು ಹೋಗುವಾಗ ಹಿಂದಿರುಗಿಸುತ್ತಿದ್ದಳು. ಆಟಕ್ಕೆ ಕೊಡುತ್ತಾನೆಂದೇ ಟೈಲರಮ್ಮ ತಿಳಿದಿದ್ದಳು. ಇವತ್ತು ಅದನ್ನು ನೋಡಲೂ ಅವಳಿಗೆ ಪುರುಸೊತ್ತಿರಲಿಲ್ಲ. ಮೆಟ್ಟಿಲಿನ ಮೇಲೆ ಮಗಳ ಹಿಂದೆ, ಬಿದ್ದರೆ ಹಿಡಿಯಲೆಂದು ಎರಡೂ ತೋಳು ಚಾಚಿಕೊಂಡು ಹತ್ತಿದಳು.

ಕೋಣೆಯಲ್ಲಿ ಯಾರೂ ಇರಲಿಲ್ಲ. ಮಗಳು ಎಂದಿನಂತೆ ಅವಸರವಿಲ್ಲದೆ ಕಿಟಕಿ ತೆರೆದಳು, ಮೂಲೆಯ ನಲ್ಲಿಯಿಂದ ಬೋಗುಣಿಗೆ ನೀರು ತುಂಬಿದಳು, ಅದನ್ನು ಮೇಜಿನ ಮೇಲಿಟ್ಟು ಪೆಟ್ಟಿಗೆಯ ಬೀಗ ತೆಗೆದಳು. ಮುಚ್ಚಳ ತೆರೆದದ್ದೇ ತಡ, ಟೈಲರಮ್ಮ ನುಗ್ಗಿ ಒಳಗೆ ಕೈ ಹಾಕಿದಳು.

“ಅಮ್ಮಾ! ಮುಟ್ಬಾರದು!” ಮಗಳು ಪೆಟ್ಟಿಗೆಯ ಮೇಲೆ ಕವುಚಿ ಬಿದ್ದಳು. “ಯಾರೂ ಮುಟ್ಬಾರದು!”

“ನಂದೊಂದೇ ಕಣೇ. ಬೇರೆಯವರದ್ದು ಬೇಡ ನಂಗೆ. ಕಂದು ಕಾಗದದ್ದು ಒಂದು ಕೊಡು, ನಿನ್ನ ಕಾಲಿಗೆ ಬೀಳ್ತೀನಿ.” ಎಂದೂ ಮಗಳ ಮುಂದೆ ಅಳದಿದ್ದವಳು ಗೊಳೋ ಎಂದು ಅತ್ತುಬಿಟ್ಟಳು. “ತಪ್ಪು ಬರ್ದಿದೀನಿ. ಅದು ನೀರಿಗೆ ಬಿದ್ರೆ ಎಲ್ಲಾ ಮುಗೀತು.”

ಮಗಳು ಎದ್ದು, ತಾಯಿಯನ್ನು ಎರಡೂ ಭುಜ ಹಿಡಿದು ಹತ್ತಿರದ ಕುರ್ಚಿಯಲ್ಲಿ ಕೂರಿಸಿದಳು.

“ನೀರಿಗೆ ಹಾಕಲ್ಲ” ಎಂದಳು.

ಪೆಟ್ಟಿಗೆಯಲ್ಲಿ ಕೈಯಾಡಿಸಿ ಕಂದು ಚೀಟಿಯನ್ನು ಹೆಕ್ಕಿದಳು. ಆದರೆ ಟೈಲರಮ್ಮ ಚಾಚಿದ ಕೈಗೆ ಅದನ್ನು ಕೊಡಲಿಲ್ಲ. ಪೊರಕೆ, ಬಕೆಟ್ಟು ಇಡುವ ಗೋಡೆ ಬೀರುವಿನ ಹತ್ತಿರ ಹೋಗಿ, ಕೆಳಗಿನ ಅರೆಯಿಂದ ತಗಡಿನ ದೊಡ್ಡ ಬಿಸ್ಕತ್ತಿನ ಡಬ್ಬಿಯೊಂದನ್ನು ಎಳೆದಳು. ಅದರ ಹಿಂದೆ ಅಂಥದ್ದೇ ಇನ್ನೊಂದಿತ್ತು. ಡಬ್ಬಿಯನ್ನು ತಾಯಿಯ ಮಡಿಲಲ್ಲಿಟ್ಟು ಮುಚ್ಚಳ ತೆಗೆದಳು. ಒಳಗೆ ಕಂಠಮಟ್ಟ ಕಂದು ಚೀಟಿಗಳು, ಒಂದೊಂದನ್ನೂ ಬಿಡಿಸಿ, ನೀವಿ, ಸೀರೆ ಮಡಿಸಿಟ್ಟ ಹಾಗೆ ಒಂದರ ಮೇಲೊಂದು ಜೋಡಿಸಿತ್ತು.

ಟೈಲರಮ್ಮ ಮೇಲಿನದನ್ನು ಎತ್ತಿ ನೋಡಿದಳು. ಅದರ ಕೆಳಗಿನದನ್ನು ನೋಡಿದಳು. ತಳದಲ್ಲಿದ್ದವುಗಳ ಶಾಯಿ ಮಾಸಿತ್ತು. ಅಕ್ಷರ ಮಾತ್ರ ಎಲ್ಲ ತನ್ನವೇ.

“ಇವನ್ನ ಯಾಕೆ ಎತ್ತಿಟ್ಟೆ?” ಎಂದಳು ಟೈಲರಮ್ಮ.

“ನೀರಲ್ಲಿ ನೆನೆಸಿದ್ರೆ ಆಗ್ಬಿಡುತ್ತಲ್ಲ” ಎಂದಳು ಮಗಳು, ಇಷ್ಟೂ ಗೊತ್ತಿಲ್ಲವೇ ಎನ್ನುವ ಹಾಗೆ. ಪಕ್ಕದ ಕುರ್ಚಿ ಎಳೆದು ಕೂತು, ಈ ವಾರದ ಚೀಟಿ ಬಿಡಿಸಿ, ಬೆರಳಿಟ್ಟು, ಒಂದೊಂದೇ ಅಕ್ಷರವನ್ನು ತುಟಿಯಲ್ಲಿ ಅಳೆಯುತ್ತ ಓದಿದಳು. “ದೇ-ವ-ರೇ. ನ-ನ-ಗಿಂ-ತ. ಒಂ-ದು. ದಿ-ನ…”

“ಸಾಕು, ಸಾಕು!” ಟೈಲರಮ್ಮ ಅವಳ ಬಾಯಿಗೆ ಕೈ ಒತ್ತಿದಳು. ಅಂಗೈ ಕೆಳಗೆ ಆ ತುಟಿಗಳು ಇನ್ನೂ ಆಡುತ್ತಿದ್ದವು. ಸಾಲು ಮುಗಿಯುವ ತನಕ ಆಡಿ ನಿಂತವು.

“ಯಾರು ಕಲಿಸಿದ್ರು ನಿಂಗೆ?”

“ಪ್ರೆಸ್ಸಣ್ಣ. ಮರದ ಅಕ್ಷರ ಕೊಡ್ತಾರೆ. ನಾನು ಇಲ್ಲಿ ತಂದು ಹೊಂದಿಸ್ತೀನಿ.” ಅಚ್ಚನ್ನು ಚೀಟಿಯ ಮೇಲಿಟ್ಟು, ‘ಮಗಳನ್ನು’ ಎಂಬಲ್ಲಿನ ಮೊದಲಕ್ಷರದ ಪಕ್ಕಕ್ಕೆ ಸರಿಸಿ ತೋರಿಸಿದಳು. “ಬೇರೆಯವರದ್ದು ಓದಲ್ಲ. ದೇವರಾಣೆ. ನಿಂದು ಮಾತ್ರ. ಬಣ್ಣ ಗೊತ್ತಾಗುತ್ತೆ. ಓದಕ್ಕೆ ಬರೋ ಮುಂಚೆನೂ ನಿಂದು ಅಂತ ಎತ್ತಿಡ್ತಿದ್ದೆ.”

ಟೈಲರಮ್ಮ ಚೀಟಿಯ ಮೇಲಿನ ಆ ಮರದ ಅಕ್ಷರವನ್ನೇ ನೋಡಿದಳು. ಹೆತ್ತ ಮಗಳಿಗೆ ನಾಲ್ಕಕ್ಷರ ಕಲಿಸಲು ತನ್ನಿಂದ ಆಗಲಿಲ್ಲ. ಆಗುವುದಿಲ್ಲವೆಂದು ಯಾರೋ ಹೇಳಿದ್ದನ್ನು ನಂಬಿ ಕೈಬಿಟ್ಟಿದ್ದಳು. ಈ ಹುಡುಗಿ ಕಲಿತಿದ್ದಳು. ಕಲಿತು, ಮೊಟ್ಟಮೊದಲು ಓದಿದ್ದು ಇದನ್ನು. ವಾರ ವಾರವೂ ಓದಿ, ಕೈತೊಳೆದು, ಮನೆಗೆ ಬಂದು, ತನ್ನ ಪಕ್ಕದಲ್ಲಿ ಕೂತು ಉಂಡಿದ್ದಳು.

“ನಂಗೆ ಯಾಕೆ ಹೇಳ್ಲಿಲ್ಲ ಪುಟ್ಟಾ?”

“ಓದ್ಬಾರದಲ್ಲ. ಬೈತೀಯ.” ಮಗಳು ತಲೆ ತಗ್ಗಿಸಿದಳು. “ದೇವ್ರಿಗೆ ಹೇಳ್ದೆ. ಅಮ್ಮಂಗೆ ಸುಸ್ತಾಗಿದೆ, ಮುಂದಿನ ವಾರ ಬೇರೆ ಬರೀತಾಳೆ ಅಂತ. ಗುರುವಾರ ಬಂದು ನೋಡ್ತೀನಿ. ಅದೇ ಇರುತ್ತೆ. ಮತ್ತೆ ಹೇಳ್ತೀನಿ.”

ಕೆಳಗೆ ಪ್ರೆಸ್ಸಿನ ಯಂತ್ರ ಶುರುವಾಗಿ ನೆಲ ಸಣ್ಣಗೆ ಅದುರಿತು. ಟೈಲರಮ್ಮ ಡಬ್ಬಿಯನ್ನು ತಬ್ಬಿಕೊಂಡು ಕೂತಿದ್ದಳು. ಒಂದೂ ದೇವರಿಗೆ ಮುಟ್ಟಿರಲಿಲ್ಲ. ಎಂಟು ವರ್ಷ ಬೇಡಿದ್ದು ಈ ಬೀರು ದಾಟಿ ಹೋಗಿರಲೇ ಇಲ್ಲ. ಬೆಳಗಿನ ಹೆದರಿಕೆ ಹೋಗಿತ್ತು, ನಿರಾಳ ಮಾತ್ರ ಆಗಲಿಲ್ಲ. ಅದರ ಜಾಗಕ್ಕೆ ಹಳೆಯ ಹೆದರಿಕೆ, ಆ ಸ್ಟೂಲಿನ ಮೇಲೆ ಕೂತ ಹುಡುಗಿಯ ಹೆದರಿಕೆ, ವಾಪಸು ಬಂದು ಕೂತಿತು. ನಾಳೆ ತಾನು ಆ ಹತ್ತು ಜನರಲ್ಲಿ ಒಬ್ಬಳಾದರೆ?

“ನಾನು ಏಳದೇ ಹೋದ್ರೆ ನೀನೇನು ಮಾಡ್ತೀಯೇ?” ಎಂದು ಕೇಳಿಯೇಬಿಟ್ಟಳು.

ಮಗಳು ಯೋಚಿಸಿದಳು. ನಿಜವಾಗಿಯೂ ಯೋಚಿಸಿದಳು, ಹಣೆ ಗಂಟಿಕ್ಕಿಕೊಂಡು, ಬಹಳ ಹೊತ್ತು.

“ಅಳ್ತೀನಿ” ಎಂದಳು. “ಆಮೇಲೆ ಮಾಮನ್ನ ಕರೀತೀನಿ. ಗುರುವಾರ ಇಲ್ಲಿಗೆ ಬರ್ತೀನಿ.”

“ಊಟ?”

“ಹಸಿವಾದ್ರೆ ತಿಂತೀನಿ. ನಿಂಗೆ ಜ್ವರ ಬಂದಾಗ ನಾನು ಚಿಕ್ಕೋಳು.”

ಟೈಲರಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. ಮಗಳು ಎದ್ದು, ಕಿಟಕಿಯ ಬಳಿಯ ಮೇಜಿನಿಂದ ಬಿಳಿಯ ಒಂದು ಚೀಟಿ, ಶಾಯಿ ಪೆನ್ನು ತಂದು ಡಬ್ಬಿಯ ಮುಚ್ಚಳದ ಮೇಲಿಟ್ಟಳು.

“ಬೇರೆ ಬರಿ” ಎಂದಳು.

ಬರೆಯುವುದು ಅಷ್ಟು ಸುಲಭವೇ? ಕೈಗೆ ಒಂದೇ ಸಾಲು ರೂಢಿಯಾಗಿಬಿಟ್ಟಿತ್ತು. ‘ನನ್ನನ್ನು ಉಳಿಸು’ ಎನ್ನಲು ನಾಚಿಕೆ. ‘ಇವಳನ್ನು ಕಾಪಾಡು’ ಎನ್ನಲು ಯಾವ ಮುಖ? ಅವಳು ಪೆನ್ನು ಹಿಡಿದು ಕೂತೇ ಇದ್ದಳು. ಅಷ್ಟರಲ್ಲಿ ಮಗಳು ಉಳಿದ ಚೀಟಿಗಳನ್ನೆಲ್ಲ, ಒಂದನ್ನೂ ಬಿಡಿಸದೆ, ಬೋಗುಣಿಗೆ ಸುರಿದು ಮೊಣಕೈ ತನಕ ನೀರಿನಲ್ಲಿ ಅದ್ದಿ ಕಿವುಚತೊಡಗಿದ್ದಳು. ನೀರು ಮೊದಲು ತಿಳಿನೀಲಿಯಾಯಿತು, ಆಮೇಲೆ ಗಂಜಿಯ ಹಾಗೆ ದಪ್ಪವಾಯಿತು.

“ಆಯ್ತಾ?” ಎಂದಳು, ತಿರುಗಿ ನೋಡದೆ.

“ತಾಳು.”

ಟೈಲರಮ್ಮ ಬರೆದಳು. ರೂಢಿಯಿಲ್ಲದ ಸಾಲು, ಅಕ್ಷರ ಸೊಟ್ಟಪಟ್ಟವಾಯಿತು. ಮಡಿಸಲಿಲ್ಲ, ಹಾಗೇ ಚಾಚಿದಳು. ಮಗಳು ಒದ್ದೆ ಕೈಗಳನ್ನು ಲಂಗಕ್ಕೆ ಒರೆಸಿಕೊಂಡು ಬಂದು, ಚೀಟಿ ತೆಗೆದುಕೊಂಡು ಬೆಳಕಿಗೆ ನಿಂತಳು. ಬೆರಳಿಟ್ಟಳು. ತುಟಿ ಆಡತೊಡಗಿತು. ಟೈಲರಮ್ಮ ಡಾಕ್ಟರ ಮುಖವನ್ನೂ ಅಷ್ಟು ಭಯದಿಂದ ನೋಡಿರಲಿಲ್ಲ.

“ನಾ-ಡಿ-ದ್ದು… ಬೆ-ಳ-ಗ್ಗೆ… ನ-ಮ್ಮಿ-ಬ್ಬ-ರಿ-ಗೂ…” ಅಲ್ಲಿ ನಿಂತಳು. ಮುಂದಿನದಕ್ಕೆ ತಡವರಿಸಿದಳು. ಮತ್ತೆ ಮೊದಲಿನಿಂದ ಓದಿದಳು. “…ಹ-ಸಿ-ವಾ-ಗ-ಲಿ.”

ತಲೆಯೆತ್ತಿದಳು. “ಇಬ್ಬರಿಗೂ?”

“ಹ್ಞೂಂ. ಇಬ್ಬರಿಗೂ.”

ಮಗಳು ಚೀಟಿಯನ್ನು ಹಿಂದೆ ಮುಂದೆ ತಿರುಗಿಸಿ, ಬೇರೇನಾದರೂ ಬರೆದಿದೆಯೇ ಎಂದು ನೋಡಿದಳು. ಬೋಗುಣಿಯ ಹತ್ತಿರ ಹೋಗಿ, ಅದನ್ನು ಎರಡೂ ಕೈಯಲ್ಲಿ ನೀರಿನ ಮೇಲೆ ಇಟ್ಟಳು. ಅದು ಒಂದು ಗಳಿಗೆ ತೇಲಿತು. ಆಮೇಲೆ ಜಾರಿದ ರವಿಕೆಯ ತೋಳನ್ನು ಹಲ್ಲಿನಿಂದ ಮೇಲಕ್ಕೆ ಎಳೆದುಕೊಂಡು, ಕೈಯನ್ನು ಒಳಕ್ಕೆ ಇಳಿಸಿ, ಜೋರಾಗಿ ಕಿವುಚತೊಡಗಿದಳು.